ನಡುರಾತ್ರಿ ಮೂಡದ ಬೆಳ್ಳಿ



"ಬೆಳ್ಳಿಚಿಕ್ಕಿ ಮೂಡೇತಿ, ಏಳ್ರೋ" ಎಂದು ನಮ್ಮ ಅಜ್ಜಿ ಎಬ್ಬಿಸುತ್ತಿದ್ದಳು. ಗಡಿಯಾರ ನೋಡಲು ಬಾರದ ಆಕೆ ಮೂಡಲಲ್ಲಿ ಆ ಚಿಕ್ಕಿ ಕಂಡರೆ ಬೀಸುಕಲ್ಲಿನ ಮುಂದೆ ಕೂರುತ್ತಿದ್ದಳು. ಕೆಲವು ತಿಂಗಳು ಅದು ಬೆಳಗ್ಗೆ ಕಾಣದೆ ಸಂಜೆ ಪಡುವಣದಲ್ಲಿ ಹೊಳೆಯುತ್ತಿತ್ತು. ಆಗ ಕೋಳಿ ಕೂಗೇ ಗತಿ. ಬೆಳ್ಳಿ ನಡುರಾತ್ರಿ ಯಾಕ ಬರೂದಿಲ್ಲ ಎಂದು ಒಮ್ಮೆ ಕೇಳಿದೆ. "ಅದು ಸೂರಪ್ಪನ್ನ ಬಿಟ್ಟು ದೂರ ಹೋಗೂದಿಲ್ಲಪಾ" ಅಂದಳು. ಸೂರ್ಯನ ಬಳಗದಲ್ಲಿ ನಮ್ಮ ಜಾಗ ಯಾವುದು ಎಂಬುದಕ್ಕೆ ಆ ಮಾತಿನಲ್ಲೇ ಉತ್ತರವಿತ್ತು. ಅದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

ಸುಗ್ಗಿಯ ಕಣವನ್ನು ನೆನೆಯಿರಿ. ನಡುವೆ ಮೇಟಿಯ ಕಂಬ, ಸುತ್ತ ಸಾಲಾಗಿ ತೆನೆ ತುಳಿಯುವ ಹಂತಿಯ ಎತ್ತುಗಳು. ಮೇಟಿಯ ಜಾಗದಲ್ಲಿ ಸೂರ್ಯನನ್ನಿಡಿ. ನಾವು ಕೂತಿರುವುದು ಮೂರನೆಯ ಎತ್ತಿನ ಮೇಲೆ. ಒಳಗಿನ ಎರಡನ್ನು, ಅಂದರೆ ಬುಧನನ್ನು ಮತ್ತು ಬೆಳ್ಳಿಯೆಂಬ ಶುಕ್ರನನ್ನು ನೋಡಬೇಕಾದರೆ ಮೇಟಿಯ ಕಡೆಗೇ ಮುಖ ಮಾಡಬೇಕು. ನಡುರಾತ್ರಿ ಎಂದರೆ ನಾವು ಮೇಟಿಗೆ ಬೆನ್ನು ಹಾಕಿದ ಹೊತ್ತು. ಆಗ ಹೊರಸಾಲಿನ ಮಂಗಳ, ಗುರು, ಶನಿ ಕಂಡಾವು. ಒಳಗಿನವು ನಮ್ಮೂರಿನ ನಡುರಾತ್ರಿಯಲ್ಲಿ ಎಂದೂ ಕಾಣವು. ಶುಕ್ರ ಸೂರ್ಯನಿಂದ ಹೆಚ್ಚೆಂದರೆ 47 ಡಿಗ್ರಿ ಸರಿದೀತು, ಬುಧನಿಗೆ 28 ಡಿಗ್ರಿಯೇ ಎಲ್ಲೆ. ದುರ್ಬೀನು ಬೇಡ, ಪುಸ್ತಕ ಬೇಡ. ನಿದ್ದೆಗೆಡುವ ತಾಳ್ಮೆಯಿದ್ದರೆ ಭೂಮಿ ಮೂರನೆಯದು ಎಂದು ಅಂಗಳದಲ್ಲಿ ನಿಂತೇ ಎಣಿಸಬಹುದು. ಇದು ನನಗೆ ಇಂದಿಗೂ ಬೆರಗು.

ಹಂತಿಯ ಎತ್ತುಗಳ ಕೊರಳು ಒಂದಕ್ಕೊಂದು ಕಟ್ಟಿರುತ್ತದೆ, ಎಲ್ಲವೂ ಒಟ್ಟಿಗೇ ಸುತ್ತು ಮುಗಿಸುತ್ತವೆ. ಗ್ರಹಗಳಿಗೆ ಅಂಥ ಹಗ್ಗವಿಲ್ಲ. ಬುಧನಿಗೆ 88 ದಿನ ಸಾಕು, ಶುಕ್ರನಿಗೆ 225, ನಮಗೆ 365 ಚಿಲ್ಲರೆ, ಗುರುವಿಗೆ ಸುಮಾರು 12 ವರ್ಷ. ಶುಕ್ರ ಒಳಮಗ್ಗುಲಿನಿಂದ ನಮ್ಮನ್ನು ಹಿಂದೆ ಹಾಕಿ ಸಾಗುವಾಗಲೇ ಸಂಜೆಯ ಬೆಳ್ಳಿ ಮರೆಯಾಗಿ, ಕೆಲವೇ ದಿನಗಳಲ್ಲಿ ಬೆಳಗಿನ ಬೆಳ್ಳಿಯಾಗಿ ಮೂಡುವುದು.

1610ರ ಕೊನೆಯ ತಿಂಗಳುಗಳಲ್ಲಿ ಇಟಲಿಯ ಗೆಲಿಲಿಯೊ ಇದೇ ಬೆಳ್ಳಿಯತ್ತ ದುರ್ಬೀನು ತಿರುಗಿಸಿದ. ಮೊದಲು ಕಂಡದ್ದು ಪುಟ್ಟ ದುಂಡು ಬಿಲ್ಲೆ. ಬರಬರುತ್ತ ಅದು ಅರ್ಧವಾಯಿತು, ಆಮೇಲೆ ಬಿದಿಗೆ ಚಂದ್ರನ ಹಾಗೆ ತೆಳ್ಳಗಾಯಿತು, ಆದರೆ ಗಾತ್ರದಲ್ಲಿ ಹಿಗ್ಗಿತ್ತು. ದುಂಡಗೆ ಕಾಣಲು ಶುಕ್ರ ಸೂರ್ಯನ ಆಚೆಗಿರಬೇಕು, ಕುಡುಗೋಲಿನಂತೆ ಕಾಣಲು ಈಚೆಗೆ ಬರಬೇಕು. ಅಂದಮೇಲೆ ಅದು ಸುತ್ತುವುದು ಸೂರ್ಯನನ್ನು, ನಮ್ಮನ್ನಲ್ಲ. ಎಲ್ಲ ಗ್ರಹಗಳೂ ಭೂಮಿಯ ಸುತ್ತಲೇ ತಿರುಗುತ್ತವೆ ಎಂಬ ನೂರಾರು ವರ್ಷಗಳ ನಂಬಿಕೆ ಆ ತೆಳು ಗೆರೆಯ ಮುಂದೆ ನಿಲ್ಲದಾಯಿತು.

ನಾವು ಸೂರ್ಯನಿಂದ ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿದ್ದೇವೆ, ಶುಕ್ರ ಸುಮಾರು 10.8 ಕೋಟಿ. ಗಾತ್ರದಲ್ಲಿ ಹೆಚ್ಚುಕಡಿಮೆ ಭೂಮಿಯಷ್ಟೇ. ಆದರೆ ಇಂಗಾಲದ ಡೈಆಕ್ಸೈಡಿನ ದಪ್ಪ ಹೊದಿಕೆಯೊಳಗೆ ಅಲ್ಲಿಯ ನೆಲ 460 ಡಿಗ್ರಿ ಸೆಲ್ಸಿಯಸ್ ಕಾದಿದೆ; ಸೀಸ ಕರಗಿ ಹರಿಯುವಷ್ಟು. ಅಜ್ಜಿ ಕೈಮುಗಿಯುತ್ತಿದ್ದ ಆ ತಣ್ಣನೆಯ ಬೆಳಕಿನ ಹಿಂದೆ ಅಂಥ ಕುಲುಮೆಯಿದೆ.

ಶುಕ್ರನ ಮೋಡಗಳೆಲ್ಲ ಸರಿದು, ಅಲ್ಲಿ ಯಾರಾದರೂ ನಿಂತು ತಲೆಯೆತ್ತಿದರು ಎನ್ನಿ. ಅವರಿಗೆ ನಾವು ಹೊರಸಾಲಿನವರು. ಅವರ ನಡುರಾತ್ರಿಯಲ್ಲಿ, ನಾವು ಹತ್ತಿರ ಬಂದ ದಿನಗಳಲ್ಲಿ, ಎಲ್ಲಕ್ಕಿಂತ ಪ್ರಕಾಶವಾಗಿ ಉರಿಯುವ ಚಿಕ್ಕಿ ನಮ್ಮ ಭೂಮಿ. ಅದರ ಮಗ್ಗುಲಲ್ಲೇ ಇನ್ನೊಂದು ಸಣ್ಣ ಚಿಕ್ಕಿ, ನಮ್ಮ ಚಂದ್ರ.