ಎದೆಯ ಮೇಲೆ ಕೂಸು, ಬೆನ್ನ ಮೇಲೆ ಕೈ

(ಶಾಲೆಯ ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಸಮಿತಿಯವರು ನನಗೆ "ಸಾಫ್ಟ್‌ವೇರ್ ಎಂಜಿನಿಯರ್ ಅದೀರಿ, ಕಂಪ್ಯೂಟರ್ ಬಗ್ಗೆ ನಾಕು ಮಾತು ಹೇಳ್ರಿ" ಎಂದಿದ್ದರು. ಅವರ ಕ್ಷಮೆ ಕೋರಿ ಬೇರೆ ವಿಷಯ ಎತ್ತಿಕೊಳ್ಳುತ್ತೇನೆ. ದಿನ ತುಂಬುವ ಮೊದಲೇ ಹುಟ್ಟಿದ ಕೂಸಿನ ಉಸಿರು, ಆ ಉಸಿರಿಗೆ ನಮ್ಮ ಕೈ ಮಾಡಬಹುದಾದ ಸಹಾಯ, ಇದು ನನ್ನ ವಿಷಯ. ನಾನು ವೈದ್ಯನಲ್ಲ. ನನ್ನ ಮಗಳು 31ನೇ ವಾರಕ್ಕೆ ಹುಟ್ಟಿ ಐದು ವಾರ ಆಸ್ಪತ್ರೆಯಲ್ಲಿದ್ದಳು. ಆಗ ವೈದ್ಯರಿಂದ, ನರ್ಸಮ್ಮಗಳಿಂದ ಕೇಳಿ ಕಲಿತದ್ದನ್ನು, ಆಮೇಲೆ ಓದಿ ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತೇನೆ. ಬಾಣಂತನ ಮಾಡಿದ ಕೈಗಳು ಈ ಸಭೆಯಲ್ಲಿ ಬಹಳ ಇವೆ. ಈ ಮಾತು ಆ ಕೈಗಳಿಗೆ ಸೇರಿದ್ದು.

37 ವಾರ ತುಂಬುವ ಮೊದಲು ಹುಟ್ಟಿದರೆ ಅದನ್ನು ಅವಧಿಪೂರ್ವ ಜನನ ಎನ್ನುತ್ತಾರೆ. 2020ರಲ್ಲಿ ಜಗತ್ತಿನಲ್ಲಿ ಇಂಥ ಸುಮಾರು 1.34 ಕೋಟಿ ಕೂಸುಗಳು ಹುಟ್ಟಿದವು. ಅವುಗಳಲ್ಲಿ ಸುಮಾರು 30 ಲಕ್ಷ ನಮ್ಮ ದೇಶದವೇ. ನಮ್ಮ ಕಡೆ ಒಂದು ಮಾತಿದೆ: "ಏಳು ತಿಂಗಳದ್ದು ಉಳೀತದ, ಎಂಟು ತಿಂಗಳದ್ದು ಉಳಿಯಂಗಿಲ್ಲ." ಈ ಮಾತು ತಪ್ಪು. ಹೊಟ್ಟೆಯಲ್ಲಿ ಒಂದೊಂದು ವಾರ ಹೆಚ್ಚು ಕಳೆದಷ್ಟೂ ಕೂಸಿಗೆ ಒಳ್ಳೆಯದೇ.

ಬೇಗ ಹುಟ್ಟಿದ ಕೂಸಿಗೆ ಉಸಿರಾಟದ ಕಷ್ಟ ಬರುವುದು ಎರಡು ಕಡೆಯಿಂದ. ಒಂದು, ಶ್ವಾಸಕೋಶ ಇನ್ನೂ ಬಲಿತಿರುವುದಿಲ್ಲ. ಇನ್ನೊಂದು, "ಉಸಿರಾಡು" ಎಂದು ಹೇಳುವ ಮಿದುಳಿನ ಭಾಗವೂ ಬಲಿತಿರುವುದಿಲ್ಲ. ಹೀಗಾಗಿ ಇಂಥ ಕೂಸು ನಿದ್ದೆಯಲ್ಲಿ ಉಸಿರಾಡುವುದನ್ನೇ ಮರೆತಂತೆ ಸುಮ್ಮನಾಗಿಬಿಡುತ್ತದೆ. ಐದು ಹತ್ತು ಸೆಕೆಂಡಿನ ಬಿಡುವು ಸಣ್ಣ ಕೂಸುಗಳಲ್ಲಿ ಸಾಮಾನ್ಯ. ಬಿಡುವು 20 ಸೆಕೆಂಡು ದಾಟಿದರೆ, ಅಥವಾ ಅಷ್ಟಾಗುವ ಮೊದಲೇ ಎದೆಬಡಿತ ಇಳಿದು ಮೈ ನೀಲಿಯಾದರೆ, ಅದಕ್ಕೆ ಅಪ್ನಿಯಾ ಎಂದು ಹೆಸರು. 28 ವಾರಕ್ಕಿಂತ ಮೊದಲು ಹುಟ್ಟಿದ ಹೆಚ್ಚುಕಡಿಮೆ ಎಲ್ಲ ಕೂಸುಗಳಿಗೂ ಇದು ಬರುತ್ತದೆ. ದಿನ ತುಂಬುತ್ತ ಬಂದಂತೆ ತಾನಾಗಿ ಕಡಿಮೆಯಾಗುತ್ತದೆ.

ಆಗ ಮೊದಲು ಮಾಡುವ ಕೆಲಸ ಬಹಳ ಸರಳ. ನನ್ನ ಮಗಳ ಕಾಲಿಗೆ ಕಟ್ಟಿದ ಯಂತ್ರ ಕೂಗಿದಾಗ ನರ್ಸಮ್ಮ ಮೊದಲು ಕೂಸನ್ನು ನೋಡುತ್ತಿದ್ದರು, ಆಮೇಲೆ ಯಂತ್ರವನ್ನು. ಎರಡು ಬೆರಳಿಂದ ಅಂಗಾಲು ಉಜ್ಜುವುದು, ಇಲ್ಲವೆ ಬೆನ್ನನ್ನು ಮೆಲ್ಲಗೆ ಮೇಲೆ ಕೆಳಗೆ ತಿಕ್ಕುವುದು. ಚರ್ಮದ ನರಗಳಿಂದ ಸುದ್ದಿ ಮಿದುಳಿಗೆ ಮುಟ್ಟುತ್ತದೆ, ಕೂಸು ಎಚ್ಚರಾಗುತ್ತದೆ, ಎದೆ ಮತ್ತೆ ಏಳುತ್ತದೆ. ಬಹಳ ಸಲ ಅಷ್ಟೇ ಸಾಕಾಗುತ್ತದೆ. ಸಾಲದಿದ್ದರೆ ಮಾಸ್ಕಿನಿಂದ ಉಸಿರು ಕೊಡುತ್ತಾರೆ. ಮೇಲಿಂದ ಮೇಲೆ ಆಗುತ್ತಿದ್ದರೆ ಕೆಫೀನ್ ಔಷಧ ಕೊಡುತ್ತಾರೆ. ಚಹಾ ಕಾಫಿಯಲ್ಲಿ ಇರುವುದೂ ಅದೇ ಕೆಫೀನ್. ಹಾಗೆಂದು ಯಾರೂ ಕೂಸಿಗೆ ಚಹಾ ಕುಡಿಸಬೇಡಿ. ವೈದ್ಯರು ಅದನ್ನು ಕೂಸಿನ ತೂಕ ನೋಡಿ ಅಳೆದು ಕೊಡುತ್ತಾರೆ.

ಒಂದೇ ಕೋಣೆಯಲ್ಲಿ ಹತ್ತಾರು ಕೂಸುಗಳಿದ್ದು ನರ್ಸಮ್ಮ ಇಬ್ಬರೇ ಇದ್ದರೆ ಕೈ ಸಮಯಕ್ಕೆ ಹೇಗೆ ಮುಟ್ಟಬೇಕು? ಎಂಜಿನಿಯರುಗಳು ಇದಕ್ಕೂ ತಲೆ ಓಡಿಸಿದ್ದಾರೆ. ಬೆಂಗಳೂರಿನ ಬೆಂಪು ಎಂಬ ಕಂಪನಿ ಕೂಸಿನ ಪಾದಕ್ಕೆ ಕಟ್ಟುವ ಅಪ್ನೆಬೂಟ್ ಎಂಬ ಸಾಧನ ತಯಾರಿಸಿದೆ. ಉಸಿರು ನಿಂತದ್ದು ಗೊತ್ತಾದ ಕೂಡಲೇ ಅದು ತಾನೇ ಪಾದವನ್ನು ಕಂಪಿಸುತ್ತದೆ. ನರ್ಸಮ್ಮನ ಎರಡು ಬೆರಳ ಕೆಲಸವನ್ನೇ ಅದು ಮಾಡಲು ನೋಡುತ್ತದೆ. ನನ್ನ ವೃತ್ತಿಯವರು ಇಂಥದ್ದನ್ನು ಮಾಡಿದರು ಎಂಬ ಹೆಮ್ಮೆ ನನಗಿದೆ. ಆದರೆ ಯಂತ್ರ ಕೂಸಿಗೆ ಬಿಸಿ ಕೊಡುವುದಿಲ್ಲ, ಹಾಲು ಕೊಡುವುದಿಲ್ಲ. ಅದಕ್ಕೆ ತಾಯಿಯೇ ಬೇಕು.

1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾದಲ್ಲಿ ಬಿಸಿ ಪೆಟ್ಟಿಗೆಗಳು ಸಾಲದೆ ಹೋದಾಗ ಎಡ್ಗರ್ ರೇ ಎಂಬ ವೈದ್ಯರು ಕೂಸುಗಳನ್ನು ತಾಯಿಯ ಬರಿ ಎದೆಯ ಮೇಲೆ ಕಟ್ಟಿಸಿದರು. ಅದೇ ಇಂದಿನ ಕಾಂಗರೂ ತಾಯಿ ಆರೈಕೆ. ಕೂಸಿಗೆ ಒಂದು ಕುಂಚಿಗೆ, ಕಾಲುಚೀಲ, ಲಂಗೋಟಿ ಅಷ್ಟೇ. ಕಪ್ಪೆಯಂತೆ ಕೈಕಾಲು ಮಡಿಸಿ ಎದೆಯ ನಡುವೆ ನೆಟ್ಟಗೆ ಇಟ್ಟು, ಮೇಲೆ ಬಟ್ಟೆ ಕಟ್ಟುತ್ತಾರೆ. ಮುಖ ಒಂದು ಕಡೆಗೆ ತಿರುಗಿರಬೇಕು. ಗದ್ದ ಎದೆಗೆ ಒತ್ತಿರಬಾರದು, ಮೂಗು ಬಾಯಿ ಸದಾ ಕಾಣಬೇಕು. ಮೈ ತಣ್ಣಗಾದ ಕೂಸಿಗೆ ಉಸಿರು ತಪ್ಪುವುದು ಹೆಚ್ಚು. ತಾಯಿಯ ಮೈಬಿಸಿ, ಅವಳ ಎದೆ ಏರಿಳಿಯುವುದು ಕೂಸಿನ ಉಸಿರು ಹದಕ್ಕೆ ಬರಲು ನೆರವಾಗುತ್ತವೆ.

ಇದು ಬಡವರಿಗೆ ಹೇಳುವ ಸಮಾಧಾನದ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ ಸೇರಿ ಐದು ದೇಶಗಳ ಐದು ಆಸ್ಪತ್ರೆಗಳಲ್ಲಿ, 1 ಕೆ.ಜಿ.ಯಿಂದ 1.8 ಕೆ.ಜಿ. ಒಳಗಿನ 3,211 ಕೂಸುಗಳನ್ನು ಪರೀಕ್ಷೆಗೆ ತೆಗೆದುಕೊಂಡಿತು. ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಕೂಸು ಚೇತರಿಸಿಕೊಂಡ ಮೇಲೆ ಎದೆಗೆ ಕೊಟ್ಟ ಗುಂಪಿನಲ್ಲಿ 28 ದಿನದೊಳಗೆ ನೂರಕ್ಕೆ ಸುಮಾರು 16 ಕೂಸುಗಳು ತೀರಿದವು. ಹುಟ್ಟಿದ ಕೂಡಲೇ ಎದೆಗೆ ಕೊಟ್ಟ ಗುಂಪಿನಲ್ಲಿ ಅದು 12ಕ್ಕೆ ಇಳಿಯಿತು. ಈಗ ದಿನಕ್ಕೆ 8ರಿಂದ 24 ಗಂಟೆ ಹೀಗೆ ಹೊರಬೇಕೆಂದು ಆ ಸಂಸ್ಥೆ ಹೇಳುತ್ತದೆ.

ದೆಹಲಿ ದೂರವಾಯಿತು ಎನ್ನಬೇಡಿ. ಗಜೇಂದ್ರಗಡ ದಾಟಿದರೆ ಕುಷ್ಟಗಿ, ಯಲಬುರ್ಗಾ. ಅದೇ ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಸರ್ಕಾರದ ಆರೋಗ್ಯ ಇಲಾಖೆಯ ಜೊತೆ ಸೇರಿ, ಎರಡು ಕೆ.ಜಿ.ಗಿಂತ ಕಡಿಮೆ ತೂಕದ ಕೂಸುಗಳಿಗೆ ಈ ಆರೈಕೆಯನ್ನು ಆಸ್ಪತ್ರೆಯಲ್ಲೂ ಮನೆಯಲ್ಲೂ ನಡೆಸಿ ತೋರಿಸಿದ್ದಾರೆ. ಅದೇ ಎರಿ ಹೊಲ, ಅದೇ ಮಾತು, ಅದೇ ರೊಟ್ಟಿ. ಅಲ್ಲಿ ಆದದ್ದು ರೋಣ, ನರಗುಂದದಲ್ಲೂ ಆಗಬೇಕು.

ಇದಕ್ಕೆ ಖರ್ಚಿಲ್ಲ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆ ಪರೀಕ್ಷೆಯಲ್ಲಿ ಬೇಗ ಎದೆಗೇರಿದ ಕೂಸುಗಳು ದಿನಕ್ಕೆ ಸುಮಾರು 17 ಗಂಟೆ ಎದೆಯ ಮೇಲಿದ್ದವು. ನಮ್ಮ ಮನೆಯ ಹೆಣ್ಣುಮಗಳು 17 ಗಂಟೆ ಕೂಸನ್ನು ಹೊತ್ತು ಕುಳಿತರೆ ರೊಟ್ಟಿ ಬಡಿಯುವವರು ಯಾರು? ನೀರು ತುಂಬುವವರು, ದನ ನೋಡುವವರು ಯಾರು? ಮಗ್ಗದ ಕೆಲಸ ಮಾಡುವ ಮನೆಯಲ್ಲಿ ಕಂಡಿಕೆ ಸುತ್ತುವವರು ಯಾರು? ಕಡಲೆ ಕೀಳುವ ದಿನದ ಕೂಲಿ ಯಾರು ತರಬೇಕು? ಖರ್ಚು ಇದೆ. ಅದನ್ನು ಈಗ ತಾಯಿಯೊಬ್ಬಳೇ ಕೊಡುತ್ತಿದ್ದಾಳೆ. ಕೊಡಲಾಗದಾಗ ಕೂಸು ಎದೆಯಿಂದ ಇಳಿಯುತ್ತದೆ.

ಅದಕ್ಕೆ ಗಂಡಸರಿಗೆ ಒಂದು ಮಾತು. ಅಪ್ಪನ ಎದೆಯೂ ಬೆಚ್ಚಗೇ ಇರುತ್ತದೆ. ನಾನು ದಿನಕ್ಕೆ ನಾಲ್ಕು ಗಂಟೆ ಹೊತ್ತಿದ್ದೇನೆ, ಏನೂ ಕಡಿಮೆಯಾಗಿಲ್ಲ. ಅಜ್ಜಿ, ಅತ್ತೆ, ಚಿಗವ್ವ, ಯಾರು ಬೇಕಾದರೂ ಹೊರಬಹುದು. ಆರೋಗ್ಯವಾಗಿರಬೇಕು, ಮೈಕೈ ಸ್ವಚ್ಛವಾಗಿರಬೇಕು, ಬೀಡಿ ತಂಬಾಕು ಇರಬಾರದು, ಅಷ್ಟೇ.

ಬಿಡಬೇಕಾದದ್ದನ್ನೂ ಹೇಳಿಬಿಡುತ್ತೇನೆ. ಅಳದ ಕೂಸನ್ನು ತಲೆಕೆಳಗೆ ಹಿಡಿಯುವುದು, ಬೆನ್ನಿಗೆ ಹೊಡೆಯುವುದು, ಮುಖಕ್ಕೆ ತಣ್ಣೀರು ಎರಚುವುದು, ಮೂಗಿಗೆ ಎಣ್ಣೆ ಬಿಡುವುದು, ಮೈಗೆ ಬರೆ ಹಾಕುವುದು ಬೇಡವೇ ಬೇಡ. ಹೊರಸಿನ ಕೆಳಗೆ ಕೆಂಡ ಇಟ್ಟು ಕೋಣೆ ತುಂಬ ಹೊಗೆ ಹಾಕಿದರೆ ಆ ಸಣ್ಣ ಎದೆಗೆ ತಡೆಯಲಾಗದು. ಇಂಥ ಕೂಸಿನ ಚರ್ಮ ಬಹಳ ತೆಳು. ಒತ್ತಿ ತಿಕ್ಕುವುದೂ ಬೇಡ, ಮೇಲಿಂದ ಮೇಲೆ ಸವರುವುದೂ ಬೇಡ. ತಲೆಗೊಂದು ಪಾದಕ್ಕೊಂದು ಬೆಚ್ಚನೆಯ ಕೈ ಕದಲದಂತೆ ಇಟ್ಟರೆ ಅದು ಸಮಾಧಾನವಾಗುತ್ತದೆ.

ಮನೆಗೆ ಬಂದ ಕೂಸು ಉಸಿರು ನಿಲ್ಲಿಸಿದರೆ, ಬಣ್ಣ ಕೆಟ್ಟರೆ, ಕೂಡಲೇ ಬೆನ್ನು, ಅಂಗಾಲು ಉಜ್ಜಿ, 108ಕ್ಕೆ ಫೋನ್ ಮಾಡಿ. ಉಸಿರು ಮರಳಿತು ಎಂದು ಮನೆಯಲ್ಲೇ ಉಳಿಯಬೇಡಿ, ಆಸ್ಪತ್ರೆಗೆ ಹೋಗಲೇಬೇಕು. ಮನೆಗೆ ಕಳಿಸುವ ಮೊದಲೇ, ಉಸಿರು ಮರಳದಿದ್ದರೆ ಏನು ಮಾಡಬೇಕೆಂದು ಅಲ್ಲಿಯ ನರ್ಸಮ್ಮನಿಂದ ಕೇಳಿ ಕಲಿತು ಬನ್ನಿ. ಆಶಾ ಅಕ್ಕ ಮನೆಗೆ ಬಂದಾಗ ಕೂಸಿನ ತೂಕ ನೋಡಿಸಿ.

ಕೊನೆಯದಾಗಿ ಒಂದು ಬೇಡಿಕೆ. ನಮ್ಮ ಕಡೆ ಹೊಲದ ಕೆಲಸಕ್ಕೆ ಮುಯ್ಯಾಳು ಪದ್ಧತಿ ಇದೆ. ಇಂದು ನಿಮ್ಮ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀವು. ಓಣಿಯಲ್ಲಿ, ತಾಂಡಾದಲ್ಲಿ ಒಂದು ಸಣ್ಣ ಕೂಸು ಮನೆಗೆ ಬಂದಾಗ ಅದೇ ಮುಯ್ಯಿ ನಡೆಯಲಿ. ಒಂದು ಮನೆಯಿಂದ ರೊಟ್ಟಿ ಬುಟ್ಟಿ, ಇನ್ನೊಂದು ಮನೆಯಿಂದ ಎರಡು ಕೊಡ ನೀರು, ಒಂದು ತಿಂಗಳು. ಹಳೆಯ ವಿದ್ಯಾರ್ಥಿಗಳ ಸಂಘ ಕೂಲಿ ಮಾಡುವ ತಾಯಿಗೆ ಆ ತಿಂಗಳ ಕೂಲಿ ಕೊಡಲಿ. ಮೊದಲ ತಾಯಿಯ ಕೂಲಿ ನಾನು ಕೊಡುತ್ತೇನೆ, ಇಂದೇ ಹೆಸರು ಬರೆಸುತ್ತೇನೆ. ಉಳಿದದ್ದು ನಿಮ್ಮ ಕೈಯಲ್ಲಿದೆ.