ಚಿನ್ನದ ಗಣಿಗೆ ಬಂದ ಹೊಳೆಯ ಶಕ್ತಿ

ಚಾಂಪಿಯನ್ ರೀಫ್ಸ್ ಎಂದೊಡನೆ ನಿಮಗೆ ಚಿನ್ನದ ನೆನಪಾಗುವುದು ಸಹಜ. ನಾನು ಇಂದು ಹೇಳಹೊರಟಿರುವುದು ಆ ಚಿನ್ನವನ್ನು ಮೇಲಕ್ಕೆತ್ತಿದ ಶಕ್ತಿಯ ವಿಚಾರ.

ನಮಗೆ ಒದಗುವ ಶಕ್ತಿಯಲ್ಲಿ ಎರಡು ಬಗೆ. ಇನ್ನು ಬೆಳೆಯೇ ಬಾರದೆಂದು ಗೊತ್ತಿರುವ ಕಣಜದ ರಾಗಿಯಂತೆ, ತೆಗೆದಷ್ಟೂ ಕಡಮೆಯಾಗುವುದು ಒಂದು. ಕಲ್ಲಿದ್ದಲು, ಎಣ್ಣೆ ಈ ಜಾತಿಯವು. ಕರೆಯುವ ಹಸುವಿನಂತೆ ನಾಳೆಯೂ ಕೊಡುವುದು ಇನ್ನೊಂದು. ಹೊಳೆ, ಗಾಳಿ, ಬಿಸಿಲು ಈ ಜಾತಿಯವು. ಆದರೆ ಹೊತ್ತಿಗೆ ಎಷ್ಟು ಹಾಲು ಎಂಬ ಲೆಕ್ಕ ಹಸುವಿನದೇ ಹೊರತು ನಮ್ಮದಲ್ಲ. ಸೌದೆ ಇವೆರಡರ ನಡುವಿನದು. ಮರ ಬೆಳೆಯುವುದಕ್ಕಿಂತ ಬೇಗ ಕಡಿದರೆ ಅದೂ ಕಣಜವೇ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೋಲಾರದ ಗಣಿಗಳು ನಡೆಯುತ್ತಿದ್ದುದು ಉಗಿಯಂತ್ರಗಳಿಂದ. ಅದಿರನ್ನು ಮೇಲಕ್ಕೆಳೆಯಲು, ಕುಟ್ಟಿ ಪುಡಿಮಾಡಲು, ಆಳದ ನೀರನ್ನು ಹೊರಹಾಕಲು, ಎಲ್ಲಕ್ಕೂ ಉಗಿ ಬೇಕು; ಉಗಿಗೆ ಕಲ್ಲಿದ್ದಲು ಬೇಕು, ಸೌದೆ ಬೇಕು. ಕಲ್ಲಿದ್ದಲೋ ಈ ಸೀಮೆಯದಲ್ಲ, ದೂರದಿಂದ ತರಿಸಬೇಕಾದುದು. ಗಣಿ ಆಳವಾದಷ್ಟೂ ಈ ಖರ್ಚು ಬೆಳೆಯುವುದೇ ಸರಿ.

ಆಗ ಕಾವೇರಿ ನೆರವಿಗೆ ಬಂದಳು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ, ಜೋಲಿ ದ ಲೋಟ್ಬಿನಿಯೇರ್ ಎಂಬ ಎಂಜಿನಿಯರರ ಯೋಜನೆಯಂತೆ, ಶಿವನಸಮುದ್ರದಲ್ಲಿ ಕೆಲಸ ಮೊದಲಾಯಿತು. 1902ರ ಜೂನ್ 30ರಂದು ವಿದ್ಯುಚ್ಛಕ್ತಿ ತಂತಿಯ ಮೇಲೆ ಸುಮಾರು 92 ಮೈಲಿ ಪ್ರಯಾಣಮಾಡಿ ಗಣಿಗಳಿಗೆ ಬಂದು ಮುಟ್ಟಿತು. ಅಷ್ಟು ದೂರ ವಿದ್ಯುತ್ತನ್ನು ಒಯ್ಯುವುದು ಅಂದಿಗೆ ಪ್ರಪಂಚದಲ್ಲೇ ಅಪರೂಪ. ಶೇಷಾದ್ರಿ ಅಯ್ಯರ್ ಇದನ್ನು ಕಾಣಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದುದು ಮೂರು ವರ್ಷ ಕಳೆದು, 1905ರ ಆಗಸ್ಟಿನಲ್ಲಿ. ಊರಿನ ಜನಕ್ಕಿಂತ ಮೊದಲು ಚಿನ್ನಕ್ಕೆ ಬೆಳಕಾಯಿತು ಎನ್ನಿ!

ಇಲ್ಲಿಗೆ ಕಷ್ಟ ಮುಗಿಯಿತೇ? ಇಲ್ಲ. ಮಳೆಗಾಲದಲ್ಲಿ ಭೋರ್ಗರೆಯುವ ಹೊಳೆ ಬೇಸಗೆಯಲ್ಲಿ ಸೊರಗುತ್ತದೆ. ಗಣಿಯ ಯಂತ್ರಗಳಿಗೆ ಬೇಸಗೆಯ ರಜೆಯಿಲ್ಲ. ನೆಲದೊಳಗೆ ಜನರಿರುವಾಗ ಗಾಳಿಯನ್ನೂ ನೀರೆತ್ತುವುದನ್ನೂ ನಿಲ್ಲಿಸುವುದು ಹೇಗೆ? ವಿಶ್ವೇಶ್ವರಯ್ಯನವರ ಕಾಲದಲ್ಲಿ, 1911ರಲ್ಲಿ, ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾದುದಕ್ಕೆ ಮಂಡ್ಯದ ಗದ್ದೆಗಳಷ್ಟೇ ಕಾರಣವಲ್ಲ; ಶಿವನಸಮುದ್ರಕ್ಕೆ ವರ್ಷವೆಲ್ಲ ಒಂದೇ ಸಮನಾಗಿ ನೀರು ಒದಗಬೇಕೆಂಬುದೂ ದೊಡ್ಡ ಕಾರಣ. ತಾನಾಗಿ ತುಂಬುವ ಶಕ್ತಿಯನ್ನು ನೆಚ್ಚುವವನು ಅದನ್ನು ಕೂಡಿಡುವ ಉಪಾಯವನ್ನೂ ಮಾಡಿಕೊಳ್ಳಬೇಕಾಯಿತು. ಇಂದು ಬಿಸಿಲಿನ ವಿದ್ಯುತ್ತಿನವರು ಬ್ಯಾಟರಿಗಾಗಿ ಪಡುವ ಪಾಡೂ ಇದೇ.

ಚಾಂಪಿಯನ್ ರೀಫ್ಸ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಅಲ್ಲಿನ ಬಂಡೆ ಬಿಸಿ. ಮನುಷ್ಯರು ಕೆಲಸಮಾಡಲು ಗಾಳಿಯನ್ನು ತಂಪುಮಾಡಿ ಕಳುಹಬೇಕಾಗಿತ್ತು. ತೋಲಕ್ಕೆ ತಗಲುವ ಖರ್ಚು ಏರುತ್ತ, ಸಿಗುವ ಚಿನ್ನ ಇಳಿಯುತ್ತ, 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಸಾವಿರಾರು ಸಂಸಾರಗಳ ಜೀವನ ಆ ಒಂದು ಕಣಜದ ಮೇಲೆ ನಿಂತಿತ್ತು. ಶಿವನಸಮುದ್ರವಾದರೋ ಇಂದಿಗೂ ನಡೆಯುತ್ತಿದೆ. ಅದರ ಸಾಮರ್ಥ್ಯ ಈಗ 42 ಮೆಗಾವಾಟ್.

ಗಣಿಯ ನೆರೆಯಲ್ಲೇ, ಬಂಗಾರಪೇಟೆ ತಾಲ್ಲೂಕಿನ ಯಳೇಸಂದ್ರದಲ್ಲಿ, 2010ರ ಹೊತ್ತಿಗೆ 3 ಮೆಗಾವಾಟಿನ ಬಿಸಿಲು ವಿದ್ಯುತ್ ಕೇಂದ್ರವೊಂದು ಎದ್ದಿತು. ರೈತರ ಪಂಪುಗಳಿಗೆ ವಿದ್ಯುತ್ ಕೊಡುವುದು ಅದರ ಉದ್ದೇಶ. ಸಂತೋಷದ ಸಂಗತಿಯೇ. ಆದರೆ ಆ ಪಂಪು ಎತ್ತುವುದು ಏನನ್ನು? ಕೊಳವೆಬಾವಿಯ ನೀರನ್ನು. ಕೋಲಾರ ಜಿಲ್ಲೆಯಲ್ಲಿ ಮಳೆ ನೆಲದೊಳಗೆ ಇಳಿಸುವುದಕ್ಕಿಂತ ಹೆಚ್ಚು ನೀರನ್ನು ನಾವು ಮೇಲೆತ್ತುತ್ತಿದ್ದೇವೆ. ಬಿಸಿಲು ನಾಳೆಯೂ ಬರುತ್ತದೆ, ಪಂಪು ನಾಳೆಯೂ ತಿರುಗಬಲ್ಲದು. ಕೊಳವೆಯ ತಳದಲ್ಲಿ ನೀರು ಉಳಿದಿದ್ದರೆ.