ಯಾರ ಕೈಯಿಂದ ಬಿಡುಗಡೆ?

(ಜೀವನ್ ಬಿಮಾ ನಗರದಲ್ಲಿ ಹಾಸ್ಟೆಲ್ ಗೆಳೆಯರ ಮುಂದೆ ಆಡಿದ ಮಾತು)



ನಾವು ಕೂತಿರುವ ಈ ಬಡಾವಣೆಯ ಹೆಸರಿನಲ್ಲೇ ಇವತ್ತಿನ ವಿಷಯ ಇದೆ. 1956ರಲ್ಲಿ ಸರ್ಕಾರ 245 ಖಾಸಗಿ ವಿಮಾ ಸಂಸ್ಥೆಗಳನ್ನು ಒಟ್ಟು ಮಾಡಿ ಜೀವ ವಿಮಾ ನಿಗಮ ಕಟ್ಟಿತು. ಸರ್ಕಾರದ್ದಾದ್ದರಿಂದ ಅಲ್ಲಿ ಮೀಸಲಾತಿ ಬಂತು, ನಮ್ಮ ಕೇರಿಯ ಹುಡುಗರೂ ಗುಮಾಸ್ತರ ಕುರ್ಚಿಯಲ್ಲಿ ಕೂತರು. ‘ಸರ್ಕಾರಕ್ಕೆ ವ್ಯಾಪಾರ ಯಾಕೆ?’ ಅಂತ ಕೇಳೋರು ಆಗಲೂ ಇದ್ದರು, 2022ರಲ್ಲಿ ನಿಗಮದ ಷೇರು ಮಾರಿದಾಗಲೂ ಇದ್ದರು. ಇವರು ತಮ್ಮನ್ನು ಉದಾರವಾದಿಗಳು ಅಂತ ಕರ್ಕೊಳ್ತಾರೆ.

ಆದರೆ ಉದಾರವಾದ ಒಂದೇ ಅಲ್ಲ. ಹಳೆಯದು ಯುರೋಪಿನಲ್ಲಿ ಅರಸರ, ಪಾದ್ರಿಗಳ ಹಿಡಿತದ ವಿರುದ್ಧ ಹುಟ್ಟಿತು. ಸರ್ಕಾರ ಕೈ ತೆಗೆದರೆ ಮನುಷ್ಯ ಸ್ವತಂತ್ರ ಅನ್ನೋದು ಅದರ ಮಾತು. ಆ ಕಾಲಕ್ಕೆ ಅದು ಬಂಡಾಯವೇ, ಒಪ್ಪಬೇಕು. ಹೊಸ ಉದಾರವಾದ ಕೇಳುತ್ತೆ: ಹೊಟ್ಟೆಗಿಲ್ಲದವನಿಗೆ, ಶಾಲೆ ಕಾಣದವನಿಗೆ ಬರೀ ಬಿಡುಗಡೆಯಿಂದ ಏನು ಸಿಕ್ಕಿತು? ಕೊಲಂಬಿಯಾದಲ್ಲಿ ಬಾಬಾಸಾಹೇಬರಿಗೆ ಪಾಠ ಹೇಳಿದ ಜಾನ್ ಡ್ಯೂಯಿ ಈ ಕಡೆಯವರು.

ಇನ್ನು ಸಂಪ್ರದಾಯವಾದಿ. ಹಿಂದಿನಿಂದ ಬಂದದ್ದನ್ನು ಕೆದಕಬೇಡಿ ಅನ್ನುವವನು. ಇಂಗ್ಲೆಂಡಿನಲ್ಲಿ ಇವನಿಗೂ ಹಳೆಯ ಉದಾರವಾದಿಗೂ ಜಗಳ. ನಮ್ಮಲ್ಲಿ ಇಬ್ಬರೂ ಒಂದೇ ಮೈಯಲ್ಲಿ ಕೂರಬಲ್ಲರು. ರಾಜಾಜಿಯನ್ನೇ ನೋಡಿ. ನಮ್ಮ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು. 1952ರಲ್ಲಿ ಮದರಾಸಿನ ಮುಖ್ಯಮಂತ್ರಿಯಾಗಿ ಆಹಾರ ಧಾನ್ಯದ ಕಂಟ್ರೋಲು ತೆಗೆದರು. ವ್ಯಾಪಾರಿಗೆ ಬಿಡುಗಡೆ! ಮರುವರ್ಷವೇ ಹಳ್ಳಿ ಶಾಲೆಯ ಪಾಠದ ಹೊತ್ತು ಕಡಿಮೆ ಮಾಡಿ, ಮಿಕ್ಕ ಹೊತ್ತು ಮಕ್ಕಳು ಅಪ್ಪನ ಕಸುಬು ಕಲೀಲಿ ಅಂದರು. ಚಮ್ಮಾರನ ಮಗನಿಗೆ ಮತ್ತೆ ಚರ್ಮ. ಜನ ಅದನ್ನು ‘ಕುಲಕಲ್ವಿ’, ಅಂದರೆ ಕುಲದ ವಿದ್ಯೆ, ಅಂತ ಕರೆದು ಬೀದಿಗಿಳಿದರು. 1954ರಲ್ಲಿ ರಾಜಾಜಿ ಇಳಿದರು, ಕಾಮರಾಜರು ಬಂದು ಅದನ್ನು ಕೈಬಿಟ್ಟರು. 1959ರಲ್ಲಿ ರಾಜಾಜಿ ಕಟ್ಟಿದ ಸ್ವತಂತ್ರ ಪಕ್ಷದಲ್ಲಿ ಮಸಾನಿಯಂಥ ಮಾರುಕಟ್ಟೆಯ ವಕೀಲರೂ ಮಾಜಿ ಅರಸರೂ ಒಟ್ಟಿಗೆ ಕೂತರು. (1939ರಲ್ಲಿ ದೇವಸ್ಥಾನ ಪ್ರವೇಶಕ್ಕೆ ಕಾನೂನಿನ ರಕ್ಷಣೆ ಕೊಟ್ಟವರೂ ಇದೇ ರಾಜಾಜಿ. ಅದನ್ನು ನಾವು ಮುಚ್ಚಿಡೋದಿಲ್ಲ.)

ಯಾಕೆ ಹೀಗೆ? ಊರಿನಲ್ಲಿ ಸರ್ಕಾರ ಕೈ ತೆಗೆದರೆ ಗೌಡನ ಕೈ, ಧಣಿಯ ಕೈ ಹಾಗೇ ಉಳಿಯುತ್ತೆ. ಬಾಬಾಸಾಹೇಬರು 1947ರಲ್ಲೇ ‘ಸ್ಟೇಟ್ಸ್ ಅಂಡ್ ಮೈನಾರಿಟೀಸ್’ನಲ್ಲಿ ಇದನ್ನು ಬಿಡಿಸಿ ಹೇಳಿದರು. ಉಳುವ ನೆಲ, ಮೂಲ ಕೈಗಾರಿಕೆ ಸರ್ಕಾರದ್ದಾಗಲಿ ಅಂದರು. ವಿಮೆಯೂ ಸರ್ಕಾರದ್ದೇ, ಪ್ರತಿ ವಯಸ್ಕರಿಗೂ ಜೀವ ವಿಮೆ ಕಡ್ಡಾಯ ಅಂದರು, ನಿಗಮ ಹುಟ್ಟುವ ಒಂಬತ್ತು ವರ್ಷ ಮೊದಲೇ! ಹಾಗಂತ ಸರ್ವಾಧಿಕಾರ ಕೇಳಲಿಲ್ಲ. ಮತದಾನ, ಮೂಲಭೂತ ಹಕ್ಕು ಎಲ್ಲ ಇಟ್ಟುಕೊಂಡೇ, ಇದನ್ನು ಸಂವಿಧಾನದೊಳಗೆ ಬರೆಯಿರಿ ಅಂದರು. ಬರೆಯಲಿಲ್ಲ.

ಆ ಪುಸ್ತಕ ಸಣ್ಣದು. ಹಾಸ್ಟೆಲಿನಲ್ಲಿ ಒಬ್ಬರು ಓದಿ, ಉಳಿದವರು ಕೇಳಿ. ಈಗ ನಿಮ್ಮ ಪ್ರಶ್ನೆಗಳು ಬರಲಿ.